ತೋಟಾ ಮೊದಲು, ಕೋವಿ ಆಮೇಲೆ: ಬಿಳಿಗಿರಿ ಕಾಡಿನಲ್ಲಿ ಒಂದು ಬಂದೂಕಿನ ಕಥೆ

ಹೋದ ವಾರ ಒಂದು ವಾಯ್ಸ್ ನೋಟ್ ಬಂತು. ಕಳಿಸಿದವರು ಮೂಲತಃ ಕೊಳ್ಳೇಗಾಲದ ಕಡೆಯವರು, ಈಗ ಅಮೆರಿಕದಲ್ಲಿದ್ದಾರೆ. ಅಲ್ಲಿ ಬಂದೂಕು ಕಟ್ಟುವ ಕೆಲಸ, ಅಂದರೆ ಗನ್‌ಸ್ಮಿತ್ ಕೆಲಸ ಕಲೀತಿದ್ದಾರಂತೆ. ಕೋರ್ಸಿನ ಕೊನೆಗೆ ಸ್ವಂತ ಕೈಯಾರೆ ಒಂದು ರೈಫಲ್ ಕಟ್ಟಬೇಕು. ಅವರ ಪ್ರಶ್ನೆ ಇಷ್ಟೇ: "ಸಾರ್, ನಮ್ಮೂರ ಕಡೆ ಬಿಳಿಗಿರಿ ಕಾಡಲ್ಲಿ ಹಿಂದೆ ಯಾವ ತೋಟಾ ಓಡ್ತಿತ್ತು? ಅದೇ ತೋಟಾಗೆ ನಾನು ರೈಫಲ್ ಕಟ್ಟಬೇಕು ಅಂತ ಆಸೆ."

ಕೇಳಿದಾಗ ನಗು ಬಂತು. ಆಮೇಲೆ ಕೂತು ಓದೋಕೆ ಶುರು ಮಾಡಿದ ಮೇಲೆ ಗೊತ್ತಾಯ್ತು, ಇದು ನಗೋ ಪ್ರಶ್ನೆ ಅಲ್ಲ ಅಂತ. ಒಂದು ಹಿತ್ತಾಳೆ ಕೊಳವೆಯ ಅಳತೆ ಹಿಡಿದು ಹೊರಟರೆ ಯಳಂದೂರಿನಿಂದ ಹನೂರಿನ ತನಕ, ಅಲ್ಲಿಂದ ಲಂಡನ್, ಸುಡಾನ್ ತನಕ ದಾರಿ ತೆರೆದುಕೊಳ್ಳುತ್ತೆ.

ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳೋಣ. ಸಿನಿಮಾದಲ್ಲಿ ಎಲ್ಲವನ್ನೂ "ಬುಲೆಟ್" ಅಂತಾರೆ. ಆದರೆ ಬುಲೆಟ್ ಅಂದರೆ ಮುಂದೆ ಹಾರಿಹೋಗುವ ಗುಂಡು ಮಾತ್ರ. ಗುಂಡು, ಅದರ ಹಿಂದಿನ ಮದ್ದು, ಮದ್ದಿಗೆ ಕಿಡಿ ಕೊಡುವ ಕೇಪು, ಈ ಮೂರನ್ನೂ ಹಿಡಿದಿಟ್ಟುಕೊಳ್ಳುವ ಹಿತ್ತಾಳೆ ಖೋಲು, ಈ ನಾಲ್ಕೂ ಸೇರಿದರೆ ತೋಟಾ, ಇಂಗ್ಲಿಷಿನ ಕಾರ್ಟ್ರಿಜ್. ತೋಟಾ ಬರುವ ಮೊದಲು ಇದ್ದದ್ದು ನಳಿಕೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಲ್ಲಿ ಗುದ್ದುವ ಕೋವಿ. ನಮ್ಮ ಕಡೆ ಅದಕ್ಕೆ ನಾಡಬಂದೂಕು ಅಂತಾರೆ. ಈ ಎರಡರ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಕಥೆಯ ಕೊನೆಗೆ ಬೇಕಾಗುತ್ತೆ. ನಾಡಬಂದೂಕಿಗೆ ಯಾರೋ ಎಲ್ಲೋ ಕುಳಿತು ಅಳತೆ ನಿಗದಿ ಮಾಡಬೇಕಾಗಿಲ್ಲ. ಮದ್ದು, ಸೀಸ ಇದ್ದರೆ ಸಾಕು. ತೋಟಾ ಕೋವಿ ಹಾಗಲ್ಲ. ಅದು ಕಾರ್ಖಾನೆಯ ಕೂಸು. ತೋಟಾ ಸಿಗದಿದ್ದರೆ ಎಂಥಾ ಬೆಲೆಬಾಳುವ ರೈಫಲ್ ಆದರೂ ಒಂದು ದೊಣ್ಣೆ ಅಷ್ಟೇ.

ಇನ್ನೊಂದು ವಿಷಯ, ಭೂಗೋಳ. ಇವತ್ತು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಚಾಮರಾಜನಗರ ಜಿಲ್ಲೆಯ ತಾಲೂಕುಗಳು. ಆ ಜಿಲ್ಲೆಯೇ 1997ರಲ್ಲಿ ಹುಟ್ಟಿದ್ದು. ಹನೂರು ತಾಲೂಕಾಗಿದ್ದು ಮೊನ್ನೆ ಮೊನ್ನೆ. ಬ್ರಿಟಿಷರ ಕಾಲದಲ್ಲಿ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಆಗ ಅದೇ ಕೊಳ್ಳೇಗಾಲದ ಭಾಗ. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಅಂದರೆ ಬಿಳಿಗಿರಿರಂಗನ ಬೆಟ್ಟದ ಸಾಲಿನ ಒಂದು ಕಡೆ ಮಹಾರಾಜರ ಕಾನೂನು, ಇನ್ನೊಂದು ಕಡೆ ಬ್ರಿಟಿಷ್ ಸರ್ಕಾರದ ಕಾನೂನು. ಬ್ರಿಟಿಷರು ಹೋದಮೇಲೂ ಆ ಗಡಿ ಮಾತ್ರ 1956ರ ನವೆಂಬರ್ 1ರ ತನಕ ಉಳಿದಿತ್ತು. ಆನೆಗೂ ಕಾಟಿಗೂ ಈ ಗಡಿ ಗೊತ್ತಿರಲಿಲ್ಲ ಬಿಡಿ.

ಈಗ 1870ರ ದಶಕಕ್ಕೆ ಹೋಗೋಣ. ಜಾರ್ಜ್ ಸ್ಯಾಂಡರ್ಸನ್ ಅಂತ ಒಬ್ಬ ಇಂಗ್ಲಿಷ್ ಅಧಿಕಾರಿ ಮೈಸೂರಿನಲ್ಲಿ ಕಾಲುವೆ ನೋಡಿಕೊಳ್ಳೋ ಕೆಲಸದಲ್ಲಿದ್ದ. ಆಮೇಲೆ ಚಾಮರಾಜನಗರದ ಕಡೆ ಖೆಡ್ಡಾ ಹಾಕಿ ಆನೆ ಹಿಡಿದು ಹೆಸರಾದ. 1878ರಲ್ಲಿ ಬಂದ ಅವನ ಪುಸ್ತಕದಲ್ಲಿ ಬಿಳಿಗಿರಿ ಕಾಡು, ಅಲ್ಲಿನ ಸೋಲಿಗರು, ಆನೆ, ಕಾಟಿ, ಹುಲಿ ಎಲ್ಲ ಇದೆ. ಬಂದೂಕಿನ ಬಗ್ಗೆಯೂ ಬೇಕಾದಷ್ಟಿದೆ. ದಪ್ಪ ಪ್ರಾಣಿಗೆ ದಪ್ಪ ಗುಂಡೇ ಬೇಕು ಅನ್ನೋದು ಅವನ ವಾದ.

ಎಷ್ಟು ದಪ್ಪ? ಆಗಿನ ಲೆಕ್ಕ ಇಂಚಿನಲ್ಲಲ್ಲ, "ಬೋರ್" ಲೆಕ್ಕ. ಒಂದು ಪೌಂಡ್ ಸೀಸದಲ್ಲಿ ಎಷ್ಟು ಉಂಡೆ ಮಾಡಿದರೆ ಒಂದೊಂದೂ ಆ ನಳಿಕೆಗೆ ಸರಿಯಾಗಿ ಕೂರುತ್ತೋ ಅದೇ ಬೋರ್ ಸಂಖ್ಯೆ. 12 ಬೋರ್ ಅಂದರೆ ಪೌಂಡಿಗೆ 12 ಉಂಡೆ, ಒಂದೊಂದು ಸುಮಾರು 38 ಗ್ರಾಂ. ಸಂಖ್ಯೆ ಕಮ್ಮಿ ಆದಷ್ಟೂ ಗುಂಡು ದೊಡ್ಡದು. ಆನೆ, ಕಾಟಿಗೆ ಆ ಕಾಲದವರು ಹಿಡಿಯುತ್ತಿದ್ದದ್ದು 8 ಬೋರ್, 4 ಬೋರ್. 4 ಬೋರಿನ ಉಂಡೆ 113 ಗ್ರಾಂ, ಒಂದು ಸಾಧಾರಣ ನಿಂಬೆಹಣ್ಣಿಗಿಂತ ಗಾತ್ರದಲ್ಲಿ ಚಿಕ್ಕದು, ತೂಕದಲ್ಲಿ ದೊಡ್ಡದು. ಅದನ್ನು ಹಾರಿಸುವ ಕೋವಿ 9 ಕಿಲೋ ಆಸುಪಾಸು. ಬೆಟ್ಟ ಹತ್ತುವಾಗ ಅದನ್ನು ಹೊತ್ತವರು ಯಾರು ಅಂತೀರಿ? ದೊರೆ ಅಂತೂ ಅಲ್ಲ.

ಇಷ್ಟು ದಪ್ಪ ಯಾಕೆ ಬೇಕಿತ್ತು ಅಂದರೆ ಕಾರಣ ಕರಿಮದ್ದು. ಕರಿಮದ್ದು ಎಷ್ಟೇ ತುಂಬಿದರೂ ಗುಂಡಿನ ವೇಗ ಒಂದು ಮಿತಿ ದಾಟೋದಿಲ್ಲ. ವೇಗ ಹೆಚ್ಚಿಸೋಕೆ ಆಗಲ್ಲ ಅಂದಮೇಲೆ ತೂಕ ಹೆಚ್ಚಿಸಬೇಕು. ಮಾಮೂಲಿ ಬೇಟೆಕೋವಿಗೆ 3 ಡ್ರಾಮ್ ಮದ್ದು ಸಾಕಾದರೆ 8 ಬೋರಿಗೆ 10-12 ಡ್ರಾಮ್. ಹೊಡೆದರೆ ಭುಜ ಕಿತ್ತು ಬರೋ ಹಾಗೆ ಒದೆ. ಮೇಲಿಂದ ಮೋಡದಂಥ ಹೊಗೆ. ಆ ಹೊಗೆ ಸರಿಯುವ ತನಕ ಕಾಟಿ ಬಿದ್ದಿದೆಯೋ, ಮೇಲೆ ಬರ್ತಿದೆಯೋ ಕಾಣೋದಿಲ್ಲ. ಅದನ್ನು ನೋಡಿ ಹೇಳಬೇಕಾದವನು ಪಕ್ಕದಲ್ಲಿ ನಿಂತ ಸೋಲಿಗ.

1889ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಅನ್ನೋ ಹೊಗೆ ಕಮ್ಮಿಯ ಮದ್ದು ಬಂತು. ಅದನ್ನು ಬಳಸಿ 1898ರಲ್ಲಿ ಲಂಡನ್ನಿನ ರಿಗ್ಬಿ ಕಂಪನಿ ಒಂದು ತೋಟಾ ತಂದಿತು: .450 ನೈಟ್ರೋ ಎಕ್ಸ್‌ಪ್ರೆಸ್. ಇಲ್ಲಿ .450 ಅಂದರೆ ನಳಿಕೆಯ ಅಳತೆ, ಇಂಚಿನಲ್ಲಿ. ಗುಂಡು ಬರೀ 31 ಗ್ರಾಂ, ಹಳೇ 4 ಬೋರಿನ ಕಾಲುಭಾಗಕ್ಕಿಂತ ಚೂರು ಜಾಸ್ತಿ. ಆದರೆ ವೇಗ ಸೆಕೆಂಡಿಗೆ 650 ಮೀಟರ್ ಹತ್ತಿರ. ತೆಳ್ಳಗಿನ ಗಟ್ಟಿಗುಂಡು ಆ ವೇಗದಲ್ಲಿ ಒಳಗೆ ಇಳಿದ ಹಾಗೆ ಹಳೇ ದಪ್ಪ ಉಂಡೆ ಇಳೀತಿರಲಿಲ್ಲ. ಕೋವಿಯ ತೂಕ 5 ಕಿಲೋಗೆ ಇಳಿಯಿತು. ಹತ್ತೇ ವರ್ಷದಲ್ಲಿ 4 ಬೋರು, 8 ಬೋರು ಗೋಡೆಯ ಅಲಂಕಾರವಾದವು.

ಆದರೆ ಒಂದು ತೊಡಕಿತ್ತು. ಕಾರ್ಡೈಟಿಗೆ ಬಿಸಿಲು ಆಗೋದಿಲ್ಲ. ಇಂಗ್ಲೆಂಡಿನ ಚಳಿಯಲ್ಲಿ ಸರಿಯಾಗಿ ಹಾರಿದ ತೋಟಾ ಹನೂರಿನ ಏಪ್ರಿಲ್ ಬಿಸಿಲಲ್ಲಿ ಬಿಸಿಯಾಗಿದ್ದರೆ ಒಳಗಿನ ಒತ್ತಡ ಏರುತ್ತೆ. ಒತ್ತಡ ಏರಿದರೆ ಹಿತ್ತಾಳೆ ಖೋಲು ಉಬ್ಬಿ ನಳಿಕೆಗೆ ಕಚ್ಚಿಕೊಳ್ಳುತ್ತೆ. ಎರಡು ಗುಂಡು ಹಾರಿಸಿದ್ದೀರಿ, ಗಾಯಗೊಂಡ ಕಾಟಿ ಪೊದೆಯಲ್ಲಿದೆ, ಕೋವಿ ಮುರಿದು ನೋಡಿದರೆ ಖಾಲಿ ತೋಟಾ ಹೊರಗೆ ಬರ್ತಿಲ್ಲ! ಅದಕ್ಕೇ ಇಂಡಿಯಾ, ಆಫ್ರಿಕಾಕ್ಕೆ ಕಳಿಸುವ ಕೆಲವು ತೋಟಾಗಳ ಖೋಲನ್ನು ಬೇಕೆಂದೇ ಉದ್ದ, ವಿಶಾಲ ಮಾಡಿದರು. ಮದ್ದು ಚೂರು ಕಮ್ಮಿ ಹಾಕಿ "ಟ್ರಾಪಿಕಲ್" ತೋಟಾ ಅಂತಲೇ ಬೇರೆ ಮಾಡಿದರು. ಹಳೇ ಬೇಟೆ ತೋಟಾಗಳು ನೋಡೋಕೆ ಅಷ್ಟುದ್ದ ಯಾಕೆ ಅಂದರೆ, ಅದು ದೌಲತ್ತಿಗಲ್ಲ, ನಮ್ಮ ಬಿಸಿಲೂ ಒಂದು ಕಾರಣ.

ಈಗ ನಮ್ಮ ಅಮೆರಿಕದ ಗೆಳೆಯರಿಗೆ ನೇರ ಉಪಯೋಗ ಆಗುವ ಮಾತು. ಆ ಕಾಲದ ಒಳ್ಳೆ ಬೇಟೆ ರೈಫಲ್ ಅಂಗಡೀಲಿ ಸಿಗೋ ವಸ್ತುವಲ್ಲ, ದರ್ಜಿ ಹತ್ತಿರ ಅಂಗಿ ಹೊಲಿಸಿದ ಹಾಗೆ. ಗಿರಾಕಿಯ ತೋಳುದ್ದ, ಕತ್ತಿನ ಉದ್ದ, ಬಲಗೈಯೋ ಎಡಗೈಯೋ, ಎಲ್ಲಾ ಅಳೆದು ಹಿಡಿ ಕೆತ್ತುತ್ತಿದ್ದರು. ಆದರೆ ಅದಕ್ಕೂ ಮೊದಲು ಕೇಳುತ್ತಿದ್ದದ್ದು, "ಯಾವ ತೋಟಾ?" ಜೋಡುನಳಿಕೆಯ ರೈಫಲ್‌ನಲ್ಲಿ ಎರಡು ನಳಿಕೆಗಳೂ ಒಂದೇ ಗುರಿಗೆ ಹೊಡೆಯಬೇಕು ಅಲ್ವಾ? ಅದಕ್ಕೆ ಅವನ್ನು ಒಂದು ನಿರ್ದಿಷ್ಟ ಗುಂಡು, ನಿರ್ದಿಷ್ಟ ಪ್ರಮಾಣದ ಮದ್ದಿಗೆ ಹೊಂದಿಸಿ ಬೆಸುಗೆ ಹಾಕುತ್ತಾರೆ. ಹೊಡೆದು ನೋಡೋದು, ಬೆಸುಗೆ ಬಿಚ್ಚೋದು, ಕೂದಲೆಳೆಯಷ್ಟು ಸರಿಸೋದು, ಮತ್ತೆ ಹೊಡೆಯೋದು. ಮದ್ದು ಬದಲಾದರೆ ಎರಡು ನಳಿಕೆ ಎರಡು ದಿಕ್ಕು ಹಿಡೀತವೆ. ಆದ್ದರಿಂದ ತೋಟಾ ಮೊದಲು, ಕೋವಿ ಆಮೇಲೆ. ಇವತ್ತಿಗೂ ಕುಶಲಕರ್ಮಿಗಳು ಕಲಿಯೋ ಮೊದಲ ಪಾಠ ಇದೇ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. 1907ರಲ್ಲಿ ಏನಾಯ್ತು ನೋಡಿ. .450 ಅಳತೆಯ ತೋಟಾಗಳನ್ನು ಖಾಸಗಿಯವರು ಇಂಡಿಯಾಕ್ಕೆ ಮತ್ತು ಸುಡಾನಿಗೆ ತರೋ ಹಾಗಿಲ್ಲ ಅಂತ ಬ್ರಿಟಿಷ್ ಸರ್ಕಾರ ನಿಷೇಧ ಹಾಕಿತು. ಬೇಟೆಗಾರರ ಅಚ್ಚುಮೆಚ್ಚಿನ ತೋಟಾ ಒಂದೇ ಏಟಿಗೆ ಹೋಯ್ತು. ಸೈನ್ಯದ .303 ಕೂಡ ಖಾಸಗಿ ಕೈಗೆ ಸಿಗೋ ಹಾಗಿರಲಿಲ್ಲ.

ಯಾಕೆ? ಸೈನ್ಯದ ಹಳೇ ಮಾರ್ಟಿನಿ-ಹೆನ್ರಿ ರೈಫಲ್‌ಗಳ ನಳಿಕೆಯೂ .450 ಅಳತೆಯದ್ದು. ಅಂಥ ಸಾವಿರಾರು ರೈಫಲ್ ವಾಯವ್ಯ ಗಡಿಯ ಬುಡಕಟ್ಟುಗಳ ಕೈಲಿ, ಸುಡಾನಿನವರ ಕೈಲಿ ಸೇರಿಬಿಟ್ಟಿದ್ದವು. ಬೇಟೆಯ ತೋಟಾ ಕದ್ದು, ಗುಂಡು ಕಿತ್ತು, ಮಾರ್ಟಿನಿಗೆ ಹಾಕಿ ನಮ್ಮ ಮೇಲೇ ಹೊಡೆದರೆ ಅನ್ನೋ ಭಯ. ಆ ಭಯ ಸುಮ್ಮನೆ ಅಲ್ಲ. ಬಂಗಾಳದಲ್ಲಿ ಆಗ ಸ್ವದೇಶಿ ಚಳವಳಿ ಕಾದಿತ್ತು. 1914ರ ಆಗಸ್ಟಿನಲ್ಲಿ ಕಲ್ಕತ್ತೆಯ ರೋಡಾ ಕಂಪನಿಗೆ ಬಂದ 50 ಮೌಸರ್ ಪಿಸ್ತೂಲು, 46,000 ತೋಟಾಗಳನ್ನು ಕ್ರಾಂತಿಕಾರಿಗಳು ಹಾಡುಹಗಲೇ ಎತ್ತಿನ ಗಾಡೀಲಿ ಸಾಗಿಸಿದರು.

ಅದಕ್ಕೂ ಮೊದಲೇ, 1878ರಲ್ಲೇ, ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಬಂದಿತ್ತು. ಭಾರತೀಯ ಬಂದೂಕು ಇಟ್ಟುಕೊಳ್ಳಬೇಕಾದರೆ ಲೈಸೆನ್ಸ್. ಯುರೋಪಿಯನ್ನರಿಗೆ ವಿನಾಯಿತಿ. ನಮ್ಮ ಪಕ್ಕದ ಕೊಡಗಿನವರಿಗೂ ವಿನಾಯಿತಿ, ಅದು ಬೇರೆ ಕಥೆ, ಇನ್ನೊಂದು ಎಪಿಸೋಡ್ ಮಾಡೋಣ. ಇನ್ನೂ ನೂರು ವರ್ಷ ಹಿಂದಕ್ಕೆ ಹೋದರೆ ಇಲ್ಲೇ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾರ್ಖಾನೆಗಳಲ್ಲಿ ಹುಲಿಮುಖ ಕೆತ್ತಿದ ಚಕಮಕಿ ಬಂದೂಕು ತಯಾರಾಗುತ್ತಿದ್ದವು. ಅವು ಇವತ್ತು ಲಂಡನ್ನಿನ ಹರಾಜಿನಲ್ಲಿ ಕೋಟಿಗಟ್ಟಲೆಗೆ ಹೋಗ್ತವೆ. ಕಟ್ಟೋ ಕೈ ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಕೆಲಸ ಮಾಡೋಕೆ ಬಿಡಲಿಲ್ಲ.

ಸರಿ, .450 ನಿಂತಿತು. ಇಂಗ್ಲೆಂಡಿನ ಬಂದೂಕು ಕಂಪನಿಗಳು ಸುಮ್ಮನೆ ಕೂರುತ್ತವಾ? ಇಂಡಿಯಾ ಅವರ ದೊಡ್ಡ ಮಾರುಕಟ್ಟೆ. ನಳಿಕೆಯನ್ನು ಒಂದಿಷ್ಟು ಅಗಲ ಮಾಡಿದರು: .465, .470, .475, .476. ಕೆಲವು ಕಂಪನಿಗಳಿಗೆ ತಮ್ಮದೇ ಅಳತೆ. ಗುಂಡಿನ ತೂಕ, ವೇಗ, ಹೊಡೆತ ಎಲ್ಲ ಹೆಚ್ಚುಕಮ್ಮಿ ಹಳೇ .450 ತರಹವೇ. ಕಾನೂನಿನ ಬೇಲಿ ಪಕ್ಕದಲ್ಲೇ ಸಂದು ಹುಡುಕಿದ ಹಾಗೆ. ಇವತ್ತು ಜಗತ್ತಿನ ಬಂದೂಕು ಪ್ರಿಯರು .470 ತೋಟಾವನ್ನು ಆಫ್ರಿಕಾ ಸಫಾರಿಯ ದೊಡ್ಡ ಹೆಸರು ಅಂತ ಕೊಂಡಾಡುತ್ತಾರೆ. ಅದಕ್ಕೆ ಬೇಡಿಕೆ ಹುಟ್ಟಿದ್ದು ಇಂಡಿಯಾದವರು ದಂಗೆ ಏಳ್ತಾರೆ ಅನ್ನೋ ಹೆದರಿಕೆಯಿಂದ.

ಬಿಳಿಗಿರಿ ಬೆಟ್ಟದಲ್ಲಿ ಆ ಹೊತ್ತಿಗೆ ಮಾರಿಸ್ ಕುಟುಂಬ ನೆಲೆಸಿತ್ತು. 19ನೇ ಶತಮಾನದ ಕೊನೆಗೆ ತಂದೆ ರಾಂಡಾಲ್ಫ್ ಮಾರಿಸ್ ಅತ್ತಿಖಾನೆಯಲ್ಲಿ ಕಾಫಿ ತೋಟ ಮಾಡಿದ. ಅವನಿಗೆ ಕಾಟಿಯೊಂದು ತಿವಿದು ಭಾರೀ ಗಾಯವಾಗಿತ್ತು. ಮಗ ಆರ್. ಸಿ. ಮಾರಿಸ್ ಬೇಟೆಗಾರನೂ ಹೌದು, ಪ್ರಾಣಿ ಪಕ್ಷಿಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬಿಡದೆ ಬರೆದವನೂ ಹೌದು. ಪಕ್ಷಿತಜ್ಞ ಸಲೀಂ ಅಲಿ ಅವನ ಮನೆಯಲ್ಲಿ ಉಳಿದಿದ್ದರು. ಇಂಥ ತೋಟದ ಬಂಗಲೆಗಳಲ್ಲಿ ಬೇಟೆ ಮುಗಿಸಿ ಬಂದಮೇಲಿನ ಮೊದಲ ಕೆಲಸ ಕಾಫಿ ಕುಡಿಯೋದಲ್ಲ, ನಳಿಕೆಗೆ ಕುದಿಯೋ ನೀರು ಹುಯ್ಯೋದು. ಆಗಿನ ಕೇಪಿನಲ್ಲಿದ್ದ ಉಪ್ಪಿನಂಥ ರಾಸಾಯನಿಕ ನಳಿಕೆಯೊಳಗೆ ಉಳಿದರೆ, ಮಳೆಗಾಲದ ಬೆಟ್ಟದ ತೇವಕ್ಕೆ ಒಂದೇ ರಾತ್ರೀಲಿ ತುಕ್ಕು. ಎಣ್ಣೆ ಹಾಕಿದರೆ ಅದು ಹೋಗೋದಿಲ್ಲ, ನೀರಲ್ಲೇ ಕರಗಬೇಕು.

ಇದೇ ಕಾಡುಗಳಲ್ಲಿ ಅಲೆದ ಇನ್ನೊಬ್ಬರು ಬೆಂಗಳೂರಿನ ಕೆನೆತ್ ಆಂಡರ್ಸನ್. ನಿಮ್ಮಲ್ಲಿ ಎಷ್ಟೋ ಜನ ಅವರ ಬೇಟೆ ಕಥೆಗಳನ್ನು ಕನ್ನಡದಲ್ಲಿ ಓದಿರುತ್ತೀರಿ. ಲಂಡನ್ನಿನ ಜೋಡುನಳಿಕೆ ಅವರದ್ದಲ್ಲ. ಅವರ ಕೈಲಿದ್ದದ್ದು ಅಮೆರಿಕದ ವಿಂಚೆಸ್ಟರ್ 1895 ಮಾದರಿ, ತೋಟಾ .405. ಕೈಹಿಡಿಯ ಕೆಳಗಿನ ಲಿವರ್ ಎಳೆದು ಬಿಟ್ಟರೆ ಮುಂದಿನ ತೋಟಾ ಒಳಗೆ. ಜೋಡುನಳಿಕೆಯಲ್ಲಿ ಎರಡೇ ಹೊಡೆತ, ಇದರಲ್ಲಿ ಹೆಚ್ಚು. ಬ್ರಿಟಿಷರ ನಿಷೇಧದ ಅಳತೆಗೆ ಇದು ಹತ್ತಿರವೂ ಬರಲ್ಲ. ರಾಜರ, ಪ್ಲಾಂಟರ್‌ಗಳ ಕೈಬಿಟ್ಟು ನೋಡಿದರೆ ದುಡಿದು ತಿನ್ನೋ ಬೇಟೆಗಾರನ ಲೆಕ್ಕಾಚಾರ ಇದು ಅನ್ನಿಸುತ್ತೆ ನನಗೆ.

ಇಷ್ಟೆಲ್ಲಾ ತೋಟಾಗಳ ಮಧ್ಯೆ ಸೋಲಿಗರ ಕೈಲಿ ಏನಿತ್ತು? ಹೆಜ್ಜೆ ಹಿಡಿದವರು ಅವರು, ಹೊರೆ ಹೊತ್ತವರು ಅವರು, ಗಾಯದ ಪ್ರಾಣಿಯ ಹಿಂದೆ ಪೊದೆಗೆ ಮೊದಲು ನುಗ್ಗಿದವರೂ ಅವರೇ. ಬೇಟೆ ಪುಸ್ತಕಗಳಲ್ಲಿ ಬಂದೂಕಿನ ಕಂಪನಿ, ಅಳತೆ, ಮದ್ದಿನ ತೂಕ ಎಲ್ಲ ಇರುತ್ತೆ. ಹೆಜ್ಜೆ ಹಿಡಿದವನ ಹೆಸರು ಎಷ್ಟೋ ಸಲ ಇರೋದಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು, ಒಳ್ಳೆಯದೇ ಆಯ್ತು. ಆದರೆ 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾದಾಗ ಕಾಡೊಳಗಿಂದ ಎದ್ದು ಬರಬೇಕಾದವರು ಬಂದೂಕಿದ್ದವರಲ್ಲ, ಸೋಲಿಗರು. 2011ರಲ್ಲಿ ಅದು ಹುಲಿ ರಕ್ಷಿತಾರಣ್ಯವಾಯ್ತು. ಅದೇ ವರ್ಷ ಹೋರಾಡಿ ಸಮುದಾಯ ಅರಣ್ಯ ಹಕ್ಕನ್ನೂ ಪಡೆದರು.

ಸ್ವಾತಂತ್ರ್ಯ ಬಂದಮೇಲೆ 1878ರ ಕಾಯ್ದೆ ಹೋಗಿ 1959ರ ಕಾಯ್ದೆ ಬಂತು. ಆದರೆ ಸೈನ್ಯ, ಪೊಲೀಸರ ತೋಟಾ ಜನರ ಕೈಗೆ ಬೇಡ ಅನ್ನೋ ಯೋಚನೆ ಹಾಗೇ ಉಳೀತು. ಅದಕ್ಕೆ "ಪ್ರೊಹಿಬಿಟೆಡ್ ಬೋರ್" ಅಂತ ಹೆಸರು. .303 ಇವತ್ತಿಗೂ ಅದರಲ್ಲೇ ಇದೆ. ಹಾಗಾದರೆ ಲೈಸೆನ್ಸ್ ಇರೋ ಸಾಮಾನ್ಯನಿಗೆ ಯಾವ ರೈಫಲ್? ಇಛಾಪುರದ ಸರ್ಕಾರಿ ಕಾರ್ಖಾನೆಯ .315. ಇದರ ತೋಟಾ ಎಲ್ಲಿಯದ್ದು ಗೊತ್ತಾ? ಆಸ್ಟ್ರಿಯಾ-ಹಂಗೇರಿ ಸೈನ್ಯದ ಹಳೇ 8 ಮಿಲಿಮೀಟರ್ ಮ್ಯಾನ್ಲಿಕರ್ ತೋಟಾ! ಆ ಸಾಮ್ರಾಜ್ಯ 1918ರಲ್ಲೇ ಮುಗಿದುಹೋಯ್ತು. ಬ್ರಿಟಿಷ್ ಸೈನ್ಯದ ಯಾವ ಬಂದೂಕಿಗೂ ಹೊಂದೋದಿಲ್ಲ ಅನ್ನೋದೇ ಅದರ ಅರ್ಹತೆ. ಹಾಗಾಗಿ ಅದು ಭಾರತದಲ್ಲಿ ಬದುಕಿಕೊಂಡಿತು.

ಈಗ ಹನೂರಿಗೆ ಬರೋಣ. ಕಷ್ಟದ ಭಾಗ ಇದು.

ಗೋಪಿನಾಥಂ ಹನೂರು ತಾಲೂಕಿನ ಊರು, ವೀರಪ್ಪನ್ ಹುಟ್ಟಿದ್ದು ಅಲ್ಲೇ. ಆನೆ ಹೊಡೆದು ಶುರುವಾದ ಕಥೆ ನಿಮಗೆಲ್ಲ ಗೊತ್ತು. ಆ ಗುಂಪಿನ ಶುರುವಿನ ಆಯುಧ ನಾಡಬಂದೂಕು. ಯಾವ ಬೋರಿನ ನಿಷೇಧಕ್ಕೂ ಸಿಗದ ಆಯುಧ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಕೊಲೆಯಾಯ್ತು. ಮರುವರ್ಷ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಗೇ ರಾತ್ರಿ ನುಗ್ಗಿ ಐವರು ಪೊಲೀಸರನ್ನು ಕೊಂದು, ಠಾಣೆಯ ಬಂದೂಕು, ತೋಟಾಗಳನ್ನು ಹೊತ್ತೊಯ್ದರು. ಆಗಸ್ಟಿನಲ್ಲಿ ಮೀಣ್ಯದ ಹತ್ತಿರ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹೊಂಚಿಗೆ ಬಲಿಯಾದರು.

1907ರಲ್ಲಿ ಲಂಡನ್ನಿನವರು ಹೆದರಿದ್ದು ಏತಕ್ಕೆ? ಜನರ ತೋಟಾ ಸರ್ಕಾರದ ಬಂದೂಕಿಗೆ ಸೇರುತ್ತೆ ಅಂತ. ಅದಕ್ಕಾಗಿ ಇಂಚಿನ ನೂರನೇ ಭಾಗದ ಲೆಕ್ಕದಲ್ಲಿ ಅಳತೆ ಬದಲಿಸಿದರು. 85 ವರ್ಷ ಆದಮೇಲೆ ರಾಮಾಪುರದಲ್ಲಿ ಆಗಿದ್ದು ಬೇರೆ: ಬಂದೂಕೂ ಸರ್ಕಾರದ್ದೇ, ತೋಟಾನೂ ಸರ್ಕಾರದ್ದೇ. ಯಾವ ಅಳತೆಯ ಕಾನೂನೂ ಆ ಠಾಣೆಯ ಬಾಗಿಲು ಕಾಯಲಿಲ್ಲ.

ನಮ್ಮ ತಾತನ ಹತ್ತಿರ ಒಂದು ಒಂಟಿನಳಿಕೆ 12 ಬೋರ್ ಇತ್ತು, ಬೆಳೆ ರಕ್ಷಣೆ ಲೈಸೆನ್ಸಿನದ್ದು. ಜೋಳದ ಹೊಲಕ್ಕೆ ಹಂದಿ ಬಂದರೆ ಆಕಾಶಕ್ಕೆ ಒಂದು ಹೊಡೆಯೋರು. ಚುನಾವಣೆ ಬಂದಾಗೆಲ್ಲ ಗೋಣಿಚೀಲ ಸುತ್ತಿ ಬಸ್ಸಲ್ಲಿ ಒಯ್ದು ಠಾಣೆಗೆ ಕೊಟ್ಟು, ಮುಗಿದಮೇಲೆ ರಸೀದಿ ತೋರಿಸಿ ತರೋರು. ಖಾಲಿಯಾದ ಕೆಂಪು ತೋಟಾಗಳು ನಮಗೆ ಆಟದ ಸಾಮಾನು, ಬಾಯಿಗಿಟ್ಟು ಊದಿದರೆ ಸೀಟಿ. ರಾಮಾಪುರ ಆದಮೇಲೆ ಅಜ್ಜಿ ಒಂದೇ ಹಟ. "ಅವ್ರು ಬಂದ್ರೆ ಕೋವಿ ಕೊಡು ಅಂತಾರೆ. ಇವ್ರು ಬಂದ್ರೆ ಯಾರಿಗ್ ಕೊಟ್ಟೆ ಅಂತಾರೆ. ಮನೇಲಿ ಬ್ಯಾಡ ಕಣ್ ಸುಮ್ಕಿರು." ತಾತ ಒಂದಿನ ಚೀಲ ಸುತ್ತಿಕೊಂಡು ಹೋದರು. ರಸೀದಿ ತಂದರು. ಕೋವಿ ಮಾತ್ರ ಮತ್ತೆ ತರಲಿಲ್ಲ. ಹಂದಿ ಬಂದರೆ ಡಬ್ಬ ಬಡಿಯೋರು.

ಇನ್ನು ಅಮೆರಿಕದ ಗೆಳೆಯರ ಪ್ರಶ್ನೆ. ಸಾರ್, ಮೊದಲು ಒಂದು ಮಾತು, ಇದು ನಮ್ಮ ಕೇಳುಗರೆಲ್ಲರಿಗೂ: ಅಲ್ಲಿ ನೀವು ಕಲಿಯೋದು ಅಲ್ಲಿಯ ಕಾನೂನಿನ ಒಳಗೆ. ಇಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸಿದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಜೈಲು. 2019ರ ತಿದ್ದುಪಡಿ ಅಷ್ಟು ಬಿಗಿ ಮಾಡಿದೆ. ಯೂಟ್ಯೂಬ್ ನೋಡಿ ಯಾರೂ ಕೈ ಹಾಕಬೇಡಿ.

ತೋಟಾ ಯಾವುದು ಅಂತೀರಾ? ಬಿಳಿಗಿರಿಯ ದೌಲತ್ತು ಬೇಕು ಅಂದರೆ .470. ಆದರೆ ಜೋಡುನಳಿಕೆ ಹೊಂದಿಸೋದು ಕಲಿಯುವವರ ಕೈಕೆಲಸ ಅಲ್ಲ, ನುರಿತವರೇ ತಿಂಗಳುಗಟ್ಟಲೆ ತಿಣುಕುತ್ತಾರೆ. .315 ನಮ್ಮೂರಿನದ್ದು ಹೌದು, ಅಲ್ಲಿ ತೋಟಾ ಸಿಗೋದು ಕಷ್ಟ. ನನ್ನ ಓಟು ಆಂಡರ್ಸನ್ ಅವರ .405ಕ್ಕೆ. ಅದು ಹುಟ್ಟಿದ್ದೂ ನೀವಿರೋ ದೇಶದಲ್ಲೇ, ತಿರುಗಾಡಿದ್ದು ನಮ್ಮ ಬೆಟ್ಟದಲ್ಲಿ. ಒಂಟಿನಳಿಕೆಗೆ ಕಟ್ಟಿ. ಮುಗಿದಮೇಲೆ ಒಂದು ಫೋಟೋ ಕಳಿಸಿ. ಜೊತೆಗೆ ಒಂದು ಖಾಲಿ ತೋಟಾ ಊದಿ, ಸೀಟಿ ಹೇಗೆ ಬರುತ್ತೆ ಅಂತ ವಾಯ್ಸ್ ನೋಟ್ ಮಾಡಿ.